ಬಸ್ಕಿಯ ಮೇಲೆ ಬಂದ ಅಪವಾದ

“ಪೂರ್ತಿ ಕೂತು ಏಳಬೇಡಿ, ಮಂಡಿ ಸವೆದು ಹೋಗುತ್ತೆ.” ಜಿಮ್ಮಿನ ತರಬೇತುದಾರರು ಹೇಳುತ್ತಾರೆ, ಬೆಳಗಿನ ವಾಕಿಂಗಿನಲ್ಲಿ ಸಿಕ್ಕವರು ಹೇಳುತ್ತಾರೆ, ಕೆಲವೊಮ್ಮೆ ವೈದ್ಯರೂ ಹೇಳುತ್ತಾರೆ. ಇದು ಹಿರಿಯರ ಕಾಲದಿಂದ ಬಂದ ತಿಳಿವಳಿಕೆ ಎಂದೇ ಹೆಚ್ಚಿನವರ ನಂಬಿಕೆ. ಆದರೆ ಈ ಎಚ್ಚರಿಕೆ ವಿಜ್ಞಾನದ ಮುದ್ರೆ ಒತ್ತಿಸಿಕೊಂಡದ್ದು ಎಲ್ಲಿ, ಯಾವಾಗ ಎಂಬುದಕ್ಕೆ ದಾಖಲೆಯಿದೆ. ಊರು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್, ಇಸವಿ 1961. ಅಲ್ಲಿಯವರೆಗೆ ಕೂತೇಳುವುದೆಂದರೆ ಕಾಲಿಗೆ ಕಸುವು ತುಂಬುವ ಸಾಮು ಎಂಬುದೇ ನಮ್ಮ ಗರಡಿಯ ವಸ್ತಾದರಿಗೂ ಅವರ ಜಿಮ್ಮಿನ ಗುರುಗಳಿಗೂ ಇದ್ದ ತಿಳಿವಳಿಕೆ. ಆಮೇಲಿನ ಮೂರು ದಶಕ ಬಸ್ಕಿ ಆರೋಪಿಯ ಸ್ಥಾನದಲ್ಲಿ ನಿಂತಿತು. ಆರೋಪ ಬಿದ್ದುಹೋಗಿ ಬಹಳ ಕಾಲವಾಗಿದೆ. ಭಯ ಮಾತ್ರ ಇನ್ನೂ ಹೋಗಿಲ್ಲ.

ಮೈಸೂರು ಸೀಮೆಯ ಹಳೆಯ ಗರಡಿಮನೆಗಳ ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಎಣ್ಣೆ, ಅರಿಶಿನ ಕುಡಿದು ಮೆತ್ತಗಾದ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿಟ್ಟ ಗದೆ, ಕರೇಲಾ, ಕಲ್ಲುಗುಂಡು, ಎದುರಿಗೆ ಆಂಜನೇಯನ ಪಟ. ಹುಡುಗರಿಗೆ ಮೊದಲು ಸಿಗುವ ಪಾಠ ಎರಡೇ, ದಂಡ ಮತ್ತು ಬಸ್ಕಿ. ಬಸ್ಕಿ ಹೊಡೆಯುವ ಪೈಲ್ವಾನನನ್ನು ಹತ್ತಿರದಿಂದ ನೋಡಬೇಕು. ಪಾದಗಳ ನಡುವೆ ಒಂದಿಷ್ಟು ಅಂತರ, ಬೆನ್ನು ನೆಟ್ಟಗೆ. ಮೈ ಇಳಿಯುತ್ತಿದ್ದಂತೆ ತೋಳುಗಳು ಹಿಂದಕ್ಕೆ ತೂಗುತ್ತವೆ. ತಳ ಮುಟ್ಟುವ ಹೊತ್ತಿಗೆ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿರುತ್ತದೆ, ಮಂಡಿಗಳು ಬೆರಳ ತುದಿ ದಾಟಿ ಬಹಳ ಮುಂದೆ ಬಂದಿರುತ್ತವೆ, ಭಾರವೆಲ್ಲ ಮುಂಗಾಲಿನ ಮೇಲೆ. ಅದೇ ತೂಗಿನಲ್ಲಿ ತೋಳು ಮುಂದಕ್ಕೆ ಬೀಸುತ್ತಲೇ ಮೈ ಮೇಲೇಳುತ್ತದೆ. ಉಸಿರು ಅದೇ ಲಯಕ್ಕೆ ಸೇರಿಕೊಂಡಿರುತ್ತದೆ. ಹೆಗಲ ಮೇಲೆ ಯಾವ ಭಾರವೂ ಇಲ್ಲ. ಇಂದಿನ ಜಿಮ್ಮಿನಲ್ಲಿ “ಹೀಗೆ ಮಾಡಲೇಬೇಡಿ” ಎಂದು ಹೇಳುವ ಎರಡೂ ಸಂಗತಿಗಳು, ಹಿಮ್ಮಡಿ ಏಳುವುದು ಮತ್ತು ಮಂಡಿ ಮುಂದೆ ಹೋಗುವುದು, ಗರಡಿಯ ಬಸ್ಕಿಯ ಕ್ರಮದಲ್ಲೇ ಇವೆ.

ಈ ಸಾಮಿನ ಹಿಂದೆ ದೊಡ್ಡ ಪರಂಪರೆಯೊಂದು ನಿಂತಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಅವನ ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮಲ್ಲರನ್ನು ವಯಸ್ಸು ಮತ್ತು ಬಲ ನೋಡಿ ದರ್ಜೆಗಳಾಗಿ ವಿಂಗಡಿಸಬೇಕು, ಅವರಿಗೆ ಒಳ್ಳೆಯ ಊಟ ಕೊಡಬೇಕು, ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಮಾಡಿಸಬೇಕು ಎಂದೆಲ್ಲ ಅಲ್ಲಿ ವಿವರವಾಗಿ ಹೇಳಿದೆ. ಗಮನಿಸಬೇಕಾದದ್ದು ಈ ದರ್ಜೆಯ ಕಲ್ಪನೆಯನ್ನು. ಯಾರಿಗೆ ಎಷ್ಟು ಶ್ರಮ ಎಂಬುದನ್ನು ಆಳು ನೋಡಿ ನಿಗದಿ ಮಾಡಬೇಕೆಂಬ ವಿವೇಕ ಕನ್ನಡ ನೆಲದ ಅರಮನೆಯೊಂದರಲ್ಲಿ 900 ವರ್ಷಗಳ ಹಿಂದೆಯೇ ಬರಹಕ್ಕೆ ಇಳಿದಿತ್ತು.

ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಮುಂಜಾವಿನ ದಿನಚರಿಯನ್ನೇ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಬಳಿದುಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಹೊರಬರುವ ತನಕ ಕತ್ತಿ ಬೀಸಿ, ಜಟ್ಟಿಯೊಬ್ಬನ ಜತೆ ಕುಸ್ತಿ ಆಡಿ, ಕೊನೆಗೆ ಕುದುರೆ ಹತ್ತುತ್ತಿದ್ದನಂತೆ. ಪಾಯಸ್ ಬಸ್ಕಿಯ ಹೆಸರು ಎತ್ತುವುದಿಲ್ಲ. ಆದರೆ ಅರಸನೊಬ್ಬ ದಿನವೂ ಮಾಡುತ್ತಿದ್ದ ಸಾಮಿನ ಇಷ್ಟು ಹತ್ತಿರದ ಚಿತ್ರ ನಮ್ಮ ಇತಿಹಾಸದಲ್ಲಿ ಅಪರೂಪ.

1896ರಲ್ಲಿ ಬೆಂಗಳೂರಿನಲ್ಲಿ ‘ವ್ಯಾಯಾಮ ದೀಪಿಕೆ’ ಎಂಬ ಅಂಗಸಾಧನೆಯ ಕೈಪಿಡಿ ಅಚ್ಚಾಯಿತು. ನೂರು ವರ್ಷ ಕಳೆದ ಮೇಲೆ, 1996ರಲ್ಲಿ, ಮೈಸೂರು ಅರಮನೆಯ ಯೋಗ ಪರಂಪರೆಯ ಕುರಿತು ಪುಸ್ತಕ ಬರೆದ ಎನ್. ಇ. ಶೋಮನ್ ಈ ಕೈಪಿಡಿಯತ್ತ ಬೆರಳು ತೋರಿಸಿ, ಅರಮನೆಯ ಯೋಗಾಸನಗಳ ಮೇಲೆ ಗರಡಿಯ ವ್ಯಾಯಾಮದ ಪ್ರಭಾವ ಇತ್ತೆಂದು ವಾದಿಸಿದರು. ಇನ್ನು ಬೆಂಗಳೂರಿನ ಕೆ. ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಬರೆದ ಕಾದಂಬರಿಕಾರರೆಂದು ಕನ್ನಡಿಗರು ಅವರನ್ನು ಬಲ್ಲರು. ಅದೇ ಅಯ್ಯರ್ 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ತಂದವರು, ತಮ್ಮ ವ್ಯಾಯಾಮಶಾಲೆಯಲ್ಲಿ ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದವರು, ಅಂಚೆಯ ಮೂಲಕವೂ ಅಂಗಸಾಧನೆ ಹೇಳಿಕೊಟ್ಟವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಅವರಿಗಿತ್ತು. ಗರಡಿಯ ಮಣ್ಣಿಗೂ ಜಿಮ್ಮಿನ ಕಬ್ಬಿಣಕ್ಕೂ ನಡುವೆ ಜಗಳವಿಲ್ಲ ಎಂದು ಈ ಊರಿಗೆ ಮಾಡಿ ತೋರಿಸಿದವರು ಅವರು.

ಗರಡಿಯಿಂದ ಹೊರಬಿದ್ದ ಬಸ್ಕಿಗೆ ಮಾತ್ರ ನಮ್ಮಲ್ಲಿ ಒಳ್ಳೆಯ ಗತಿ ಸಿಗಲಿಲ್ಲ. ಅದು ಶಾಲೆಗೆ ಹೋಗಿ ಶಿಕ್ಷೆಯಾಯಿತು. ಹೋಮ್‌ವರ್ಕ್ ಮಾಡದ ಹುಡುಗ ಕಿವಿ ಹಿಡಿದು ಐವತ್ತು ಬಸ್ಕಿ ಹೊಡೆಯಬೇಕು. ಅವನ ಪಾದ ಹೇಗಿದೆ, ಮಂಡಿ ಎತ್ತ ವಾಲುತ್ತಿದೆ ಎಂದು ನೋಡುವವರಿಲ್ಲ, ಎಣಿಸುವವರು ಮಾತ್ರ ಇದ್ದರು. ತಲೆಮಾರುಗಳ ಕಾಲ ಮಕ್ಕಳು ಈ ಚಲನೆಯನ್ನು ಅವಮಾನದ ಜತೆಗೇ ಕಲಿತರು, ಅದೂ ತಪ್ಪು ತಪ್ಪಾಗಿ. ಗಣೇಶನ ಮುಂದೆ ಭಕ್ತಿಯಿಂದ ಹೊಡೆಯುವ ನಾಲ್ಕು ಬಸ್ಕಿಯೇ ಅದಕ್ಕಿಂತ ಎಷ್ಟೋ ಮೇಲು.

ಬಸ್ಕಿಯ ಮಾತು ಬಂದರೆ ಗಾಮಾ ಪೈಲ್ವಾನನ ಹೆಸರು ಬಾರದೆ ಇರದು. ಹತ್ತು ವರ್ಷದ ಹುಡುಗನಾಗಿದ್ದಾಗ ಜೋಧಪುರದ ಮಹಾರಾಜರು ಏರ್ಪಡಿಸಿದ ಬಸ್ಕಿಯ ಪಂದ್ಯದಲ್ಲಿ 400ಕ್ಕೂ ಹೆಚ್ಚು ಜಟ್ಟಿಗಳ ನಡುವೆ ಕೊನೆಯ ಹದಿನೈದರಲ್ಲಿ ಉಳಿದ, ವಯಸ್ಸು ನೋಡಿ ಅವನನ್ನೇ ವಿಜೇತನೆಂದು ಸಾರಿದರು ಎಂಬ ಕತೆ ಕುಸ್ತಿ ಲೋಕದಲ್ಲಿ ಮನೆಮಾತು. ದಿನಕ್ಕೆ 5000 ಬಸ್ಕಿ, 3000 ದಂಡ ಹೊಡೆಯುತ್ತಿದ್ದನೆಂದೂ ಹೇಳುತ್ತಾರೆ. ಇದರಲ್ಲಿ ಅಭಿಮಾನದ ಉತ್ಪ್ರೇಕ್ಷೆ ಎಷ್ಟೇ ಸೇರಿರಲಿ, ಅವನ ಕಾಲಿನ ಬಲಕ್ಕೆ ಅಖಾಡದ ಸಾಕ್ಷಿಯಿದೆ. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊ ಜತೆ ಗಂಟೆಗಟ್ಟಲೆ ಸೆಣಸಿ ಸಮ ಮಾಡಿಕೊಂಡವನು, 1928ರಲ್ಲಿ ಪಟಿಯಾಲದಲ್ಲಿ ಅದೇ ಜ್ಬಿಸ್ಕೊನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ. ಆಗ ಗಾಮಾನ ವಯಸ್ಸು ಐವತ್ತರ ಆಸುಪಾಸು.

ಆದರೆ ಆ ಸಾವಿರಗಳನ್ನು ಇವತ್ತಿನವರು ಗುರಿಯಾಗಿ ಇಟ್ಟುಕೊಳ್ಳಬಾರದು. ಗಾಮಾ ಐದಾರನೆಯ ವಯಸ್ಸಿನಿಂದ ಮಟ್ಟಿಯ ಮಣ್ಣಿನಲ್ಲಿ ಬೆಳೆದವನು. ಅವನ ಮೂಳೆ, ರಜ್ಜು, ಸ್ನಾಯುಗಳೆಲ್ಲ ಆ ಕೆಲಸದ ಜತೆಗೇ ಬಲಿತವು. ಹಾಲು, ಬಾದಾಮಿ, ತುಪ್ಪ ಹೊಟ್ಟೆಗೆ ಬೀಳುತ್ತಿತ್ತು, ಅಂಗಮರ್ದನ ಇತ್ತು, ನಿದ್ದೆ ಇತ್ತು, ಬೇರೆ ಉದ್ಯೋಗ ಇರಲಿಲ್ಲ. ಹತ್ತು ಗಂಟೆ ಕುರ್ಚಿಯಲ್ಲಿ ಕೂತು ದುಡಿಯುವ ಮೂವತ್ತೈದರ ಮನುಷ್ಯ ಸೋಮವಾರ ಜಿಮ್ಮಿಗೆ ಸೇರಿ ಶುಕ್ರವಾರ ಇನ್ನೂರು ಬಸ್ಕಿ ಹೊಡೆದು ಮಂಡಿ ಹಿಡಿದುಕೊಂಡು ಕೂತರೆ, ಅಲ್ಲಿ ತಪ್ಪಿದ್ದು ಪ್ರಮಾಣ.

ಯೂರೋಪ್, ಅಮೆರಿಕಗಳಲ್ಲೂ 20ನೇ ಶತಮಾನದ ಆರಂಭದವರೆಗೆ ಕೂತೇಳುವ ವ್ಯಾಯಾಮ ತುದಿಗಾಲಿನ ಮೇಲೆಯೇ ನಡೆಯುತ್ತಿತ್ತು. ಹಿಮ್ಮಡಿ ಜೋಡಿಸಿ, ಹಗುರ ಭಾರ ಹಿಡಿದು, ಬೆರಳ ಮೇಲೆ ಕೂತು ಏಳುವುದು. ಅದನ್ನು ಬದಲಿಸಿದವರಲ್ಲಿ ಮುಖ್ಯನಾದವನು ಜರ್ಮನಿಯ ಹೆನ್ರಿ ಸ್ಟೈನ್‌ಬಾರ್ನ್. ಮೊದಲ ಮಹಾಯುದ್ಧದ ಕಾಲದಲ್ಲಿ ಶತ್ರುದೇಶದ ಪ್ರಜೆಯೆಂದು ಆಸ್ಟ್ರೇಲಿಯದ ಬಂಧನ ಶಿಬಿರದಲ್ಲಿ ಸಿಕ್ಕಿಕೊಂಡ ಅವನು ಅಲ್ಲೇ ಭಾರ ಎತ್ತಿ ಮೈ ಬೆಳೆಸಿದ. 1921ರಲ್ಲಿ ಅಮೆರಿಕಕ್ಕೆ ಬಂದಿಳಿದಾಗ ಬಾರ್‌ಬೆಲ್ ಇಡುವ ಸ್ಟ್ಯಾಂಡ್ ಎಂಬುದೇ ಅಲ್ಲಿ ಬಳಕೆಯಲ್ಲಿರಲಿಲ್ಲ. ಸ್ಟೈನ್‌ಬಾರ್ನ್ ಬಾರ್‌ಬೆಲ್ಲನ್ನು ಒಂದು ತುದಿಯ ಮೇಲೆ ನೆಟ್ಟಗೆ ನಿಲ್ಲಿಸುತ್ತಿದ್ದ, ಅದರ ಕೆಳಗೆ ಕುಕ್ಕರಗಾಲಲ್ಲಿ ತೂರಿ ಹೆಗಲಿಗೆ ವಾಲಿಸಿಕೊಳ್ಳುತ್ತಿದ್ದ, ಪಾದ ಪೂರ್ತಿ ನೆಲಕ್ಕೂರಿ ತಳದಿಂದಲೇ ಎದ್ದು ನಿಲ್ಲುತ್ತಿದ್ದ. ಹೀಗೆ ಎತ್ತಿದ ಅವನ ದಾಖಲೆ ಸುಮಾರು 250 ಕಿಲೋ. ಪಾದ ಪೂರ್ತಿ ಊರಿ ಆಳಕ್ಕೆ ಕೂರುವ ಇಂದಿನ ಭಾರದ ಸ್ಕ್ವಾಟ್ ಅಮೆರಿಕದಲ್ಲಿ ಬೇರೂರಿದ್ದು ಇಲ್ಲಿಂದ. ಮಾರ್ಕ್ ಬೆರಿ ತನ್ನ ಪತ್ರಿಕೆಯಲ್ಲಿ ಅದನ್ನು ಪ್ರಚಾರ ಮಾಡಿದ, 1930ರ ದಶಕದಲ್ಲಿ ಜೆ. ಸಿ. ಹೈಸ್ ಎಂಬ ಸಾಧಕ ಸ್ಕ್ವಾಟ್ ಮಾಡಿಯೇ ಮೈ ತುಂಬಿಕೊಂಡ ಸುದ್ದಿ ವ್ಯಾಯಾಮಪ್ರಿಯರ ನಡುವೆ ಹಬ್ಬಿತು.

ಮಂಡಿಯ ಕತೆಗೆ ನಿಜವಾದ ತಿರುವು ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಎರಡನೆಯ ಮಹಾಯುದ್ಧದ ಕೊನೆಗೆ ಷಿಕಾಗೊದ ಗಾರ್ಡಿನರ್ ಸೇನಾ ಆಸ್ಪತ್ರೆ ಕಾಲಿಗೆ ಪೆಟ್ಟು ತಿಂದ ಸೈನಿಕರಿಂದ ತುಂಬಿತ್ತು. ಮಂಡಿಯ ಶಸ್ತ್ರಚಿಕಿತ್ಸೆ ಆದವರಿಗೆ ಆಗಿನ ಪದ್ಧತಿಯಂತೆ ತೀರ ಹಗುರ ವ್ಯಾಯಾಮವನ್ನು ಬಹಳ ಸಲ ಮಾಡಿಸುತ್ತಿದ್ದರು. ಕಾಲಿಗೆ ಬಲ ಬರುತ್ತಿರಲಿಲ್ಲ, ಹಾಸಿಗೆ ಖಾಲಿಯಾಗುತ್ತಿರಲಿಲ್ಲ. ಅಲ್ಲಿದ್ದ ವೈದ್ಯ ಥಾಮಸ್ ಡಿಲಾರ್ಮ್ ಹುಡುಗನಾಗಿದ್ದಾಗ ರುಮ್ಯಾಟಿಕ್ ಜ್ವರದಿಂದ ಮಲಗಿ, ಆಮೇಲೆ ಭಾರ ಎತ್ತಿಯೇ ಚೇತರಿಸಿಕೊಂಡವರು. ಅವರು ಸೈನಿಕರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿದರು. ಇವತ್ತು ಇಷ್ಟು, ಮುಂದಿನ ವಾರ ಅದಕ್ಕಿಂತ ಸ್ವಲ್ಪ ಹೆಚ್ಚು ಎಂದು ಭಾರ ಏರಿಸುತ್ತ ಹೋದರು. ಕಾಲುಗಳು ತುಂಬಿಕೊಂಡವು, ಸೈನಿಕರು ಬೇಗ ನಡೆದಾಡತೊಡಗಿದರು. 1945ರಲ್ಲಿ ಅವರು ಪ್ರಕಟಿಸಿದ ಲೇಖನ ಇಂದಿನ ಫಿಸಿಯೋಥೆರಪಿಯ ಬುನಾದಿಗಳಲ್ಲೊಂದು. ಜಿಮ್ಮುಗಳಲ್ಲಿ ಎಲ್ಲರೂ ಹೇಳುವ “ಹತ್ತರಂತೆ ಮೂರು ಸೆಟ್” ಎಂಬ ಲೆಕ್ಕವೂ ಡಿಲಾರ್ಮ್ ಅವರ ಮುಂದಿನ ಕೆಲಸದಿಂದಲೇ ಬಂದದ್ದು. ಅವರು ಮಾಡಿಸಿದ್ದು ಸ್ಕ್ವಾಟ್ ಅಲ್ಲ, ಕೂತಲ್ಲೇ ಕಾಲು ನೀಡುವ ವ್ಯಾಯಾಮ. ಆದರೂ ಪೆಟ್ಟಾದ ಮಂಡಿಗೆ ಏರುವ ಭಾರವೇ ಔಷಧ ಎಂಬುದು ಅಲ್ಲಿ ಸಾಬೀತಾಯಿತು.

ಹದಿನಾರೇ ವರ್ಷದಲ್ಲಿ ಗಾಳಿ ತಿರುಗಿತು.

ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಅವರಿಗೆ ಅಮೆರಿಕನ್ ಫುಟ್‌ಬಾಲ್ ಆಟಗಾರರ ಮಂಡಿ ಗಾಯಗಳ ಬಗ್ಗೆ ಪ್ರಾಮಾಣಿಕವಾದ ಕಾಳಜಿ ಇತ್ತು. ಆಳವಾದ ಸ್ಕ್ವಾಟ್ ಮಂಡಿಯ ಅಸ್ಥಿರಜ್ಜುಗಳನ್ನು ಸಡಿಲ ಮಾಡುತ್ತದೆಯೇ ಎಂದು ತಿಳಿಯಲು ಅವರೇ ಒಂದು ಉಪಕರಣ ರೂಪಿಸಿದರು. ಕೂತವನ ತೊಡೆ ಮತ್ತು ಕಾಲಿಗೆ ಅದನ್ನು ಕಟ್ಟಿ, ಕಾಲನ್ನು ಪಕ್ಕಕ್ಕೆ ಒತ್ತಿ, ಮಂಡಿ ಎಷ್ಟು ಬಿಚ್ಚಿಕೊಳ್ಳುತ್ತದೆ ಎಂದು ಅಳೆಯುವುದು. ಆಳವಾಗಿ ಸ್ಕ್ವಾಟ್ ಮಾಡುವ 128 ಭಾರ ಎತ್ತುಗರನ್ನೂ ಮಾಡದ 386 ಮಂದಿಯನ್ನೂ ಹೀಗೆ ಪರೀಕ್ಷಿಸಿದರು. ಭಾರ ಎತ್ತುವವರ ಮಂಡಿ ಸಡಿಲ ಎಂಬ ತೀರ್ಮಾನ 1961ರಲ್ಲಿ ಪ್ರಕಟವಾಯಿತು. ಮರುವರ್ಷ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆ, ಮಂಡಿ ಇರುವುದು ಮಡಿಸಲಿಕ್ಕಲ್ಲ ಎಂಬರ್ಥದ ತಲೆಬರಹ ಕೊಟ್ಟು ಅದನ್ನು ದೇಶಕ್ಕೆಲ್ಲ ಹಂಚಿತು. ಅಮೆರಿಕದ ವೈದ್ಯ ಸಂಘವೂ ಆಳದ ಸ್ಕ್ವಾಟಿನ ವಿರುದ್ಧ ಎಚ್ಚರಿಸಿತು. ಶಾಲೆ, ಕಾಲೇಜುಗಳ ತರಬೇತುದಾರರು ಹುಡುಗರಿಗೆ ಪೂರ್ತಿ ಕೂರುವುದನ್ನು ಬಿಡಿಸಿದರು. ನಿಜ ಹೇಳಬೇಕೆಂದರೆ ಕ್ಲೈನ್ ಸ್ಕ್ವಾಟನ್ನೇ ಬಿಟ್ಟುಬಿಡಿ ಎಂದವರಲ್ಲ, ಅರ್ಧಕ್ಕೆ ನಿಲ್ಲಿಸಿ ಎಂದವರು. ಪತ್ರಿಕೆಯಿಂದ ಪತ್ರಿಕೆಗೆ, ಬಾಯಿಂದ ಬಾಯಿಗೆ ಹೋಗುವಾಗ ಆ ಅರ್ಧ ಕಳಚಿಬಿತ್ತು.

ಅಳತೆಯಲ್ಲೇ ದೋಷವಿತ್ತು. ಕಾಲನ್ನು ಪಕ್ಕಕ್ಕೆ ಒತ್ತುವ ಬಲ ಎಷ್ಟಿರಬೇಕೆಂಬುದು ಪರೀಕ್ಷಿಸುವವರ ಕೈಯಲ್ಲೇ ಇತ್ತು, ಎದುರಿಗೆ ಕೂತವನು ಸ್ಕ್ವಾಟ್ ಮಾಡುವವನೋ ಅಲ್ಲವೋ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಅಂಥ ಕಡೆ ಒಳ್ಳೆಯ ಮನಸ್ಸಿನ ಸಂಶೋಧಕನ ಕೈಯೂ ತನಗೆ ಗೊತ್ತಿಲ್ಲದೆ ಒಂದು ಕಡೆ ವಾಲುತ್ತದೆ. 1960ರ ದಶಕದ ಪವರ್‌ಲಿಫ್ಟಿಂಗ್ ಚಾಂಪಿಯನ್, ಮುಂದೆ ಅದೇ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ಇತಿಹಾಸಕಾರರಾದ ಟೆರಿ ಟಾಡ್, 1984ರಲ್ಲಿ ಈ ಇಡೀ ಪ್ರಕರಣವನ್ನು ಕೆದಕಿ ಬರೆದರು. ಅಷ್ಟರಲ್ಲಿ ಬೇರೆ ಪರೀಕ್ಷೆಗಳೂ ನಡೆದಿದ್ದವು. 1971ರಲ್ಲಿ ಪ್ರಕಟವಾದ ಮೈಯರ್ಸ್ ಅಧ್ಯಯನದಲ್ಲಿ ಎಂಟು ವಾರ ಆಳದ ಸ್ಕ್ವಾಟ್ ಮಾಡಿದವರ ಮಂಡಿಗೂ ಅರ್ಧ ಸ್ಕ್ವಾಟ್ ಮಾಡಿದವರ ಮಂಡಿಗೂ ಸ್ಥಿರತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 1989ರಲ್ಲಿ ಚಾಂಡ್ಲರ್ ಮತ್ತು ಸಂಗಡಿಗರು ಮತ್ತೆ ಎಂಟು ವಾರದ ತರಬೇತಿ ಕೊಟ್ಟು ಅಳೆದರು. ಮಂಡಿ ಸಡಿಲವಾಗಲಿಲ್ಲ, ವರ್ಷಗಟ್ಟಲೆ ಭಾರ ಎತ್ತಿದವರ ಮಂಡಿ ಕೆಲವು ಅಳತೆಗಳಲ್ಲಿ ಇತರರಿಗಿಂತ ಬಿಗಿಯಾಗಿಯೇ ಇತ್ತು. 1990ರ ದಶಕದ ಆರಂಭದಲ್ಲಿ ಅಮೆರಿಕದ ಶಕ್ತಿ ತರಬೇತುದಾರರ ರಾಷ್ಟ್ರೀಯ ಸಂಸ್ಥೆ, ಸರಿಯಾದ ಕ್ರಮದಲ್ಲಿ, ಬಲ್ಲವರ ಕಣ್ಣಳತೆಯಲ್ಲಿ ಮಾಡಿದ ಸ್ಕ್ವಾಟ್ ಸುರಕ್ಷಿತ, ಅದು ಮಂಡಿಯ ಗಾಯಗಳನ್ನು ತಡೆಯಲೂ ನೆರವಾಗಬಹುದು ಎಂದು ಅಧಿಕೃತವಾಗಿ ಹೇಳಿತು.

ಮಂಡಿಯ ತಾಕತ್ತಿಗೆ ಇನ್ನೊಂದು ಸಾಕ್ಷಿ ಆಕಸ್ಮಿಕವಾಗಿ ಸಿಕ್ಕಿತು. ಸ್ಪರ್ಧೆಯೊಂದರಲ್ಲಿ 175 ಕಿಲೋ ಭಾರವನ್ನು ತಲೆಯ ಮೇಲಕ್ಕೆ ಎಸೆಯಲು ಹೊರಟ ಭಾರ ಎತ್ತುಗನೊಬ್ಬನ ಮಂಡಿಚಿಪ್ಪಿನ ಕೆಳಗಿನ ರಜ್ಜು ಹರಿದುಹೋಯಿತು. ಆ ಕ್ಷಣ ಚಲನಚಿತ್ರದಲ್ಲಿ ಸೆರೆಯಾಗಿತ್ತು. ಜರ್ನಿಕಿ, ಗಾರ್‌ಹ್ಯಾಮರ್ ಮತ್ತು ಜೋಬ್ ಆ ಚಿತ್ರವನ್ನು ಚೌಕಟ್ಟು ಚೌಕಟ್ಟಾಗಿ ಲೆಕ್ಕ ಹಾಕಿ 1977ರಲ್ಲಿ ವರದಿ ಮಾಡಿದರು. ರಜ್ಜು ಹರಿದಾಗ ಅದರ ಮೇಲಿದ್ದ ಎಳೆತ ಅವನ ದೇಹದ ತೂಕದ 17 ಪಟ್ಟಿಗಿಂತ ಹೆಚ್ಚು, ಹತ್ತಿರ ಹತ್ತಿರ ಒಂದೂವರೆ ಟನ್. ಬರಿ ಮೈಯಲ್ಲಿ ಕೂತೇಳುವಾಗ ಬೀಳುವ ಎಳೆತ ಇದರ ಹತ್ತಿರಕ್ಕೂ ಬರುವುದಿಲ್ಲ.

“ಮಂಡಿ ಬೆರಳ ತುದಿ ದಾಟಬಾರದು” ಎಂಬ ಸೂತ್ರಕ್ಕೂ ಇಂಥದೇ ವಿಚಾರಣೆ ನಡೆದಿದೆ. 2003ರಲ್ಲಿ ಮೆಂಫಿಸ್ ವಿಶ್ವವಿದ್ಯಾಲಯದ ಆಂಡ್ರೂ ಫ್ರೈ ಮತ್ತು ಸಂಗಡಿಗರು ಏಳು ಮಂದಿಯಿಂದ ಅವರವರ ತೂಕದಷ್ಟೇ ಭಾರ ಹೊರಿಸಿ ಎರಡು ಬಗೆಯಲ್ಲಿ ಸ್ಕ್ವಾಟ್ ಮಾಡಿಸಿದರು. ಒಮ್ಮೆ ಸಹಜವಾಗಿ, ಇನ್ನೊಮ್ಮೆ ಮಂಡಿ ಮುಂದೆ ಹೋಗದಂತೆ ಮುಂಗಾಲಿಗೆ ಅಡ್ಡವಾಗಿ ಹಲಗೆ ನಿಲ್ಲಿಸಿ. ಹಲಗೆ ಇಟ್ಟಾಗ ಮಂಡಿಯ ಮೇಲಿನ ತಿರುಚು ಬಲ 150ರಿಂದ 117 ನ್ಯೂಟನ್ ಮೀಟರಿಗೆ ಇಳಿಯಿತು. ಆದರೆ ಸೊಂಟದ ಕೀಲಿನ ಮೇಲೆ ಅದು 28ರಿಂದ 302ಕ್ಕೆ ಹಾರಿತು. ಮಂಡಿಗೆ ಕಾಲುಭಾಗಕ್ಕಿಂತ ಕಡಿಮೆ ಉಳಿತಾಯ, ಸೊಂಟಕ್ಕೆ ಹತ್ತು ಪಟ್ಟು ಹೊರೆ. ಮಂಡಿ ನೋವಿರುವವರು ಕೆಲವು ವಾರ ಮಂಡಿಯನ್ನು ಹಿಂದಿಟ್ಟುಕೊಂಡು ಮಾಡಿದರೆ ಪ್ರಯೋಜನ ಉಂಟು. ಎಲ್ಲರಿಗೂ ಎಲ್ಲ ಕಾಲಕ್ಕೂ ಅದೇ ನಿಯಮ ಎಂದರೆ ಸೊಂಟ, ಬೆನ್ನು ಬೆಲೆ ತೆರಬೇಕಾಗುತ್ತದೆ. ಆಳದ ಬಗ್ಗೆಯೂ ಹೀಗೆಯೇ. 2013ರಲ್ಲಿ ಜರ್ಮನಿಯ ಹಾರ್ಟ್‌ಮನ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಮಂಡಿಚಿಪ್ಪಿನ ಹಿಂದಿನ ಒತ್ತಡ ಅತಿ ಹೆಚ್ಚಾಗುವುದು ತೊಡೆ ಕಾಲಿಗೆ ಲಂಬವಾಗಿರುವ 90 ಡಿಗ್ರಿಯ ಆಸುಪಾಸಿನಲ್ಲಿ ಎಂದರು. ಇನ್ನೂ ಕೆಳಗೆ ಹೋದಾಗ ತೊಡೆಯ ಹಿಂಭಾಗ ಮೀನಖಂಡಕ್ಕೆ ತಾಗಿ ಭಾರ ಹಂಚಿಹೋಗುತ್ತದೆ. ಸುರಕ್ಷಿತವೆಂದು ಜನ ನಂಬಿ ಅರ್ಧದಲ್ಲಿ ನಿಲ್ಲಿಸಿ, ಆ ಧೈರ್ಯದಲ್ಲಿ ದುಪ್ಪಟ್ಟು ಭಾರ ಹೊರುವುದೇ ಹೆಚ್ಚು ಅಪಾಯದ ದಾರಿ.

ಕುಕ್ಕರಗಾಲಿನ ಇನ್ನೊಂದು ಮುಖವನ್ನೂ ಹೇಳದಿದ್ದರೆ ನ್ಯಾಯವಾಗದು. ಲಾಹೋರಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ 1890ರ ದಶಕದಲ್ಲಿ ಪಂಜಾಬಿಗಳ ಕಾಲಿನ ಮೂಳೆಗಳನ್ನು ಪರೀಕ್ಷಿಸಿ, ಕುಕ್ಕರಗಾಲಲ್ಲಿ ಕೂರುವ ಅಭ್ಯಾಸ ಪಾದದ ಕೀಲಿನ ಮೂಳೆಗಳಲ್ಲಿ ಗುರುತು ಮೂಡಿಸಿದ್ದನ್ನು ವರ್ಣಿಸಿದ. ಮೂಳೆ ಆ ಭಂಗಿಗೆ ಹೊಂದಿಕೊಂಡಿತ್ತು. ಆದರೆ 2004ರಲ್ಲಿ ಪ್ರಕಟವಾದ ಬೀಜಿಂಗ್ ಅಧ್ಯಯನದಲ್ಲಿ, ಇಪ್ಪತ್ತೈದರ ಹರೆಯದಲ್ಲಿ ದಿನಕ್ಕೆ ಮೂರು ಗಂಟೆಗೂ ಮಿಕ್ಕಿ ಕುಕ್ಕರಗಾಲಲ್ಲಿ ಕೂರುತ್ತಿದ್ದವರಿಗೆ ಮುಪ್ಪಿನಲ್ಲಿ ಮಂಡಿಯ ಕೀಲುಸವೆತ ಸುಮಾರು ಎರಡು ಪಟ್ಟು ಹೆಚ್ಚು ಕಂಡುಬಂತು. ಗಂಟೆಗಟ್ಟಲೆ ಅದೇ ಭಂಗಿಯಲ್ಲಿ ಕೂತು ಕಳೆ ಕೀಳುವ, ನೆಲ ಸಾರಿಸುವ, ಪಾತ್ರೆ ತೊಳೆಯುವ ಹೆಂಗಸರ ಮಂಡಿ ನೋವನ್ನು ವ್ಯಾಯಾಮದ ಲೆಕ್ಕದಲ್ಲಿ ತೂಗಬಾರದು. ಅವರಿಗೆ ಬೇಕಾದದ್ದು ಬಿಡುವು, ಎತ್ತರದ ಮಣೆ, ಕೆಲಸದ ಹಂಚಿಕೆ. ಹತ್ತು ನಿಮಿಷ ಕೂತೆದ್ದು ಸ್ನಾಯು ಬೆಳೆಸುವುದು ಬೇರೆಯೇ ಸಂಗತಿ.

ನೋವಿನ ಮಂಡಿಗೆ ಸ್ಕ್ವಾಟನ್ನೇ ಮದ್ದಾಗಿ ಕೊಟ್ಟವರೂ ಇದ್ದಾರೆ. ಜಿಗಿಯುವ ಆಟಗಾರರಿಗೆ ಮಂಡಿಚಿಪ್ಪಿನ ಕೆಳಗೆ ಕಾಡುವ ರಜ್ಜುನೋವಿಗೆ 2004ರಲ್ಲಿ ಆಸ್ಟ್ರೇಲಿಯದ ಕ್ರೇಗ್ ಪರ್ಡಮ್ ಮತ್ತು ಸಂಗಡಿಗರು 25 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ ನಿಲ್ಲಿಸಿ, ನಿಧಾನವಾಗಿ ಕೆಳಗಿಳಿಯುವ ಒಂಟಿ ಕಾಲಿನ ಸ್ಕ್ವಾಟ್ ಮಾಡಿಸಿದರು. 2009ರಲ್ಲಿ ಡೆನ್ಮಾರ್ಕಿನ ಕಾಂಗ್ಸ್‌ಗಾರ್ಡ್ ಮತ್ತು ಸಂಗಡಿಗರು ಇದೇ ನೋವಿನವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಟಿರಾಯ್ಡ್ ಚುಚ್ಚುಮದ್ದು, ಒಂದಕ್ಕೆ ಇಳಿಜಾರಿನ ಸ್ಕ್ವಾಟ್, ಇನ್ನೊಂದಕ್ಕೆ ಭಾರ ಹೊತ್ತು ನಿಧಾನವಾಗಿ ಮಾಡುವ ಸ್ಕ್ವಾಟ್ ಮತ್ತು ಲೆಗ್ ಪ್ರೆಸ್. ಹನ್ನೆರಡು ವಾರಕ್ಕೆ ಮೂರೂ ಗುಂಪಿನವರು ಸುಧಾರಿಸಿದರು. ಅರ್ಧ ವರ್ಷ ಕಳೆದ ಮೇಲೆ ನೋಡಿದರೆ ಚುಚ್ಚುಮದ್ದಿನವರು ಹಿಂದಕ್ಕೆ ಜಾರಿದ್ದರು, ವ್ಯಾಯಾಮದವರು ಗಳಿಸಿದ್ದನ್ನು ಉಳಿಸಿಕೊಂಡಿದ್ದರು. ಡಿಲಾರ್ಮ್ ಅವರ ಕಬ್ಬಿಣದ ಬೂಟಿನ ಪಾಠ ಅರವತ್ತು ವರ್ಷದ ನಂತರ ಮತ್ತೆ ಅದೇ ಉತ್ತರ ಕೊಟ್ಟಿತು.

ಕ್ರಮ ಎಂದರೆ ಏನೆಂದು ನೋಡಬೇಕಾದರೆ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ ಅವರ ಎತ್ತುಗೆಯನ್ನು ನೋಡಬೇಕು. 2008ರ ಒಲಿಂಪಿಕ್ಸಿನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದನ್ನು ಕಂಡು ಕುಸ್ತಿಯ ಕನಸು ಕಟ್ಟಿದ ಈ ಲಾರಿ ಚಾಲಕರ ಮಗ ಉಜಿರೆಯ ಕಾಲೇಜಿಗೆ ಬಂದ ಮೇಲೆ ಭಾರ ಎತ್ತುವುದಕ್ಕೆ ತಿರುಗಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ಅವರೇ. 56 ಕಿಲೋ ವಿಭಾಗದಲ್ಲಿ ಸ್ನ್ಯಾಚ್ 111, ಕ್ಲೀನ್ ಅಂಡ್ ಜರ್ಕ್ 138, ಒಟ್ಟು 249 ಕಿಲೋ, ಬೆಳ್ಳಿ. ಸ್ನ್ಯಾಚಿನಲ್ಲಿ ಬಾರ್ ಮೇಲೇಳುತ್ತಿದ್ದಂತೆ ಆಟಗಾರ ಅದರ ಅಡಿಗೆ ಬಿದ್ದು ಕೂರುತ್ತಾನೆ. ಸೊಂಟ ಮಂಡಿಗಿಂತ ಕೆಳಗೆ, ಎದೆ ಎತ್ತಿ, ತನ್ನ ತೂಕದ ಹೆಚ್ಚುಕಡಿಮೆ ಎರಡು ಪಟ್ಟು ಭಾರ ನೇರ ತೋಳಿನಲ್ಲಿ. ಮಂಡಿ ಬೆರಳು ದಾಟಿ ಮುಂದೆ ಬಂದಿರುತ್ತದೆ, ಆದರೆ ಪಾದದ ದಿಕ್ಕಿಗೇ ನೆಟ್ಟಗೆ ನಿಂತಿರುತ್ತದೆ. ಹಿಮ್ಮಡಿ ಅಲುಗುವುದಿಲ್ಲ. ಭಾರ ಎತ್ತುವವರ ಬೂಟಿನ ಹಿಮ್ಮಡಿಯನ್ನು ತುಸು ಎತ್ತರ ಮಾಡಿರುವುದೇ ಅದಕ್ಕಾಗಿ.

ಹೊಸಬರು ಕಲಿಯಬೇಕಾದದ್ದೂ ಇದನ್ನೇ, ಭಾರವಿಲ್ಲದೆ. ಹೆಗಲಗಲಕ್ಕೆ ಪಾದ, ಬೆರಳು ಸ್ವಲ್ಪ ಹೊರಕ್ಕೆ. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಮೂರೂ ನೆಲಕ್ಕೆ ಒತ್ತಿರಬೇಕು. ಇಳಿಯುವಾಗ ಮಂಡಿ ಬೆರಳಿನ ದಿಕ್ಕಿಗೇ ಹೋಗಬೇಕು. ಮಂಡಿ ಒಳಕ್ಕೆ ವಾಲುವುದೇ ಹೆಚ್ಚಿನವರ ದೋಷ, ಅದನ್ನು ಕನ್ನಡಿಯ ಮುಂದೆ ನಿಂತು ತಿದ್ದಿಕೊಳ್ಳಬಹುದು. ಪಾದದ ಕೀಲು ಬಿಗಿಯಾಗಿದ್ದು ಹಿಮ್ಮಡಿ ಏಳುತ್ತಿದ್ದರೆ ಅದರಡಿಗೆ ತೆಳ್ಳನೆಯ ಹಲಗೆ ಇಡಬಹುದು. ಮೊದಲು ಕುರ್ಚಿಯ ಮೇಲೆ ಕೂತೇಳುವುದು, ಆಮೇಲೆ ಗಿಡ್ಡ ಸ್ಟೂಲು, ಆಮೇಲೆ ಮಣೆ, ಹೀಗೆ ಎತ್ತರ ಇಳಿಸುತ್ತ ಬಂದರೆ ಆಳ ತಾನಾಗಿ ಸಿಗುತ್ತದೆ. ಮೂರು ಎಣಿಸುತ್ತ ಇಳಿಯಿರಿ, ತಳದಲ್ಲಿ ಕುಸಿದು ಬೀಳಬೇಡಿ. ತೊಡೆಯ ಮೂಳೆ ಉದ್ದವಿರುವವರು ಬೇರೆಯವರಿಗಿಂತ ಹೆಚ್ಚು ಮುಂದಕ್ಕೆ ಬಾಗುತ್ತಾರೆ, ಅದು ಅವರ ಮೈಕಟ್ಟು, ತಪ್ಪಲ್ಲ.

ಮಾಡುವಾಗ ಸ್ವಲ್ಪ ನೋವು ಬಂದು ಮರುದಿನಕ್ಕೆ ತಿಳಿಯಾದರೆ ಗಾಬರಿ ಬೇಡ. ಆಳ ಅಥವಾ ಭಾರ ಕಡಿಮೆ ಮಾಡಿ ಮುಂದುವರಿಸಿ, ಪೂರ್ತಿ ನಿಲ್ಲಿಸಿದರೆ ತೊಡೆ ಸೊರಗಿ ಮಂಡಿಗೆ ಇನ್ನಷ್ಟು ಕಷ್ಟ. ಆದರೆ ಮಂಡಿ ಊದಿಕೊಂಡರೆ, ಮಡಿಸಿದಲ್ಲೇ ಸಿಕ್ಕಿಕೊಂಡರೆ, ನಡೆಯುವಾಗ ಕೈಕೊಟ್ಟಂತಾದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ ಕೂಡಲೇ ಮೂಳೆ ವೈದ್ಯರನ್ನು ಕಾಣಬೇಕು.

ಜಿಮ್ ನಡೆಸುವವರಲ್ಲಿ ಒಂದು ಕೋರಿಕೆ. ಹೊಸದಾಗಿ ಬಂದವರ ಹೆಗಲಿಗೆ ಬಾರ್ ಏರಿಸುವ ಮೊದಲು ಬರಿ ಮೈಯಲ್ಲಿ ಕೂತೇಳಿಸಿ ಅವರ ಪಾದವನ್ನೂ ಮಂಡಿಯನ್ನೂ ನೋಡಿ, ತಿದ್ದಿ. ಅದಕ್ಕೆ ಎರಡು ವಾರ ಹಿಡಿದರೆ ಹಿಡಿಯಲಿ. ಶಾಲೆಗಳಲ್ಲಿ ಬಸ್ಕಿಯನ್ನು ಶಿಕ್ಷೆಯ ಪಟ್ಟಿಯಿಂದ ತೆಗೆದು ದೈಹಿಕ ಶಿಕ್ಷಕರ ಕೈಗೆ ಕೊಡಿ.